ಕರಿಯಕ್ಕನ ಗುರುತು

ಕೊಂಡ್ಲಹಳ್ಳಿ
4 ನವೆಂಬರ್ 1998

ಆರ್ಟಿಸ್ಟ್ ದೊಡ್ಡಪಾಲಯ್ಯನವರಿಗೆ ಶಾಂತಕುಮಾರಿ ಮಾಡುವ ನಮಸ್ಕಾರಗಳು.

ನನ್ನ ಪರಿಚಯ ನಿಮಗಿಲ್ಲ. ಚಳ್ಳಕೆರೆಯ ಪ್ರೆಸ್ಸಿನವರು ನಿಮ್ಮ ವಿಳಾಸ ಕೊಟ್ಟರು. ನನ್ನ ಅಕ್ಕ ಕರಿಯಕ್ಕ ಅಕ್ಟೋಬರ್ ಇಪ್ಪತ್ತೈದರ ಭಾನುವಾರ ಬೆಳಿಗ್ಗೆ ಮನೆಯಿಂದ ಹೋದವಳು ಇನ್ನೂ ಬಂದಿಲ್ಲ. ಪೊಲೀಸರಿಗೆ ಬರೆದುಕೊಟ್ಟಿದ್ದೇವೆ. ಕರಪತ್ರ ಹಾಕಿಸೋಣವೆಂದರೆ ಪ್ರೆಸ್ಸಿನವರು ಫೋಟೊ ಕೇಳಿದರು. ನಮ್ಮಲ್ಲಿ ಅವಳ ಒಂದೂ ಫೋಟೊ ಇಲ್ಲ. ಮೂರು ವರ್ಷದ ಹಿಂದೆ ಓಟಿನ ಗುರುತಿನ ಚೀಟಿಗೆಂದು ಶಾಲೆಯಲ್ಲಿ ಎಲ್ಲರ ಫೋಟೊ ತೆಗೆದ ದಿನವೂ ಅವಳು ಹೊಲಕ್ಕೆ ಹೋದವಳು ಕತ್ತಲಾಗುವವರೆಗೆ ಮನೆಗೆ ಬರಲಿಲ್ಲ. ಅವಳು ದಪ್ಪ. ಕ್ಯಾಮೆರಾ ಕಂಡರೆ ಆಗುವುದಿಲ್ಲ.

ಅವಳಿಗೆ ಮೂವತ್ತಾರು ವರ್ಷ, ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ನಾಲ್ಕು. ಅಲ್ಲಿಂದ ನನ್ನನ್ನು ಸಾಕಿದವಳು ಅವಳೇ. ಕೂಲಿಗೆ ಹೋಗಿ ನನ್ನನ್ನು ಪಿಯುಸಿವರೆಗೆ ಓದಿಸಿದಳು, ತಾನು ಮದುವೆಯಾಗಲಿಲ್ಲ. ನಾನೀಗ ಇಲ್ಲಿಯ ಅಂಗನವಾಡಿ ನೋಡಿಕೊಳ್ಳುತ್ತೇನೆ. ಅಪ್ಪ ಹುಲಿಯಪ್ಪ ಲಕ್ವ ಹೊಡೆದು ಹಾಸಿಗೆಯಲ್ಲಿದ್ದಾನೆ. ಅವನನ್ನು ಬಿಟ್ಟು ಮತ್ತೆ ಮತ್ತೆ ಚಳ್ಳಕೆರೆಗೆ ಬರಲಾರೆ, ಆದ್ದರಿಂದ ಈ ಕಾಗದ.

ಗುರುತು: ಎತ್ತರ ಐದಡಿಗೆ ಸ್ವಲ್ಪ ಮೇಲೆ. ಕಪ್ಪು ಬಣ್ಣ. ದಪ್ಪ ಮೈ. ದುಂಡು ಮುಖ. ಹಸಿರು ಸೀರೆ, ಅದರ ಮೇಲೆ ಕರಿ ಕಂಬಳಿ. ಯಾಕೆ ಹೋದಳೆಂಬುದು ಗೊತ್ತಿಲ್ಲ. ಮನೆಯಲ್ಲಿ ಏನೂ ಆಗಿರಲಿಲ್ಲ.

ದಯವಿಟ್ಟು ಕರಪತ್ರಕ್ಕೆ ಅವಳ ಚಿತ್ರ ಬೇಗ ಬರೆದುಕೊಡಿ.

ಇತಿ,
ಶಾಂತಕುಮಾರಿ


ಚಳ್ಳಕೆರೆ
9 ನವೆಂಬರ್ 1998

ಶಾಂತಕುಮಾರಿಯವರಿಗೆ,

ನಿಮ್ಮ ಕಾಗದ ಮುಟ್ಟಿತು. ಚಿತ್ರ ಬರೆದಿದ್ದೇನೆ, ಒಂದು ಪ್ರತಿ ಇದರ ಜೊತೆಗಿದೆ. ನೀವೇನೂ ಗಾಬರಿಯಾಗಬೇಡಿ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಎಣ್ಣೆ ಮಿಲ್ಲಿನ ಗೋಡೆ, ನಾಟಕದ ಪರದೆ, ಅಂಗಡಿಯ ಬೋರ್ಡು ಎಲ್ಲಾ ಮಾಡಿದ್ದೇನೆ. ನೋಡದವರ ಚಿತ್ರ ಬರೆಯುವುದೂ ನನಗೆ ಹೊಸದಲ್ಲ. ತೀರಿಹೋದ ಎಷ್ಟೋ ಹಿರಿಯರನ್ನು ಮನೆಯವರ ಬಾಯಿಂದ ಕೇಳಿಯೇ ಬರೆದುಕೊಟ್ಟಿದ್ದೇನೆ. ದಪ್ಪಗಿರುವವರಾದರೆ ಇನ್ನೂ ಸುಲಭ, ಯಾರಿಗಾದರೂ ತಟ್ಟನೆ ಗುರುತು ಹತ್ತುತ್ತದೆ.

ತಡ ಮಾಡಬಾರದೆಂದು ನಿಮ್ಮ ಉತ್ತರಕ್ಕೆ ಕಾಯದೆ ಮುನ್ನೂರು ಕರಪತ್ರ ಹಾಕಿಸಿದ್ದೇನೆ. ಬಸ್ ಸ್ಟ್ಯಾಂಡು, ಸಂತೆ ಮೈದಾನ, ಪ್ರೆಸ್ಸಿನ ಬಾಗಿಲು, ಎಲ್ಲಾ ಕಡೆ ಅಂಟಿಸಿ ಆಯಿತು.

ನಿಮ್ಮವನು,
ದೊಡ್ಡಪಾಲಯ್ಯ


ಕೊಂಡ್ಲಹಳ್ಳಿ
13 ನವೆಂಬರ್ 1998

ಪಾಲಯ್ಯನವರಿಗೆ,

ಇದು ನನ್ನ ಅಕ್ಕ ಅಲ್ಲ.

ಅಪ್ಪನಿಗೆ ತೋರಿಸಿದೆ. "ಯಾರವ್ವ ಇದು?" ಅಂದ. ಪಕ್ಕದ ಮನೆಯ ಚಿಕ್ಕಕ್ಕ ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆಮೇಲೆ ನನ್ನ ಮುಖ ನೋಡಿ ಹಾಳೆ ಮಡಚಿ ವಾಪಸು ಕೊಟ್ಟಳು. ನಗು ಬರುವ ಹಾಗೆಯೇ ಇದೆ, ಅವಳದೇನು ತಪ್ಪು? ತೆಳ್ಳಗಿನ ಹೆಂಗಸೊಬ್ಬಳಿಗೆ ಗಾಳಿ ಹೊಡೆದ ಹಾಗಿದೆ. ಕೆನ್ನೆ ಎರಡು ಚೆಂಡು, ಹೊಟ್ಟೆ ಒಂದು ಮಡಕೆ, ಅದರ ಕೆಳಗೆ ಸಣ್ಣ ಸಣ್ಣ ಪಾದ. ಆ ಪಾದದ ಮೇಲೆ ಯಾರಾದರೂ ನಿಲ್ಲಲು ಆಗುತ್ತದೆಯೇ? ಇವಳು ಕಂಬಳಿ ಹೊದ್ದು ಎದುರಿಗೆ ಬಂದರೆ ನಾನೇ ಗುರುತು ಹಿಡಿಯಲಾರೆ.

ನನ್ನ ಅಕ್ಕ ನಗುವ ವಸ್ತು ಅಲ್ಲ. ಊರಿನಲ್ಲಿ ನಕ್ಕವರು ಸಾಲದೆಂದು ಚಳ್ಳಕೆರೆಯ ಗೋಡೆಗಳ ಮೇಲೂ ಅವಳನ್ನು ನಿಲ್ಲಿಸಿದಿರಿ. ಆ ಕರಪತ್ರಗಳನ್ನು ಕಿತ್ತುಹಾಕಿ. ನಿಮ್ಮಿಂದ ಆಗದಿದ್ದರೆ ಆಗದು ಎಂದು ಹೇಳಿಬಿಡಿ. ಬೇರೆ ಯಾರನ್ನು ಕೇಳಬೇಕೆಂದು ನನಗೆ ಗೊತ್ತಿಲ್ಲ, ಆದರೂ ಹೇಳಿಬಿಡಿ. ಇವತ್ತಿಗೆ ಹತ್ತೊಂಬತ್ತು ದಿನವಾಯಿತು.

ಶಾಂತಕುಮಾರಿ


ಚಳ್ಳಕೆರೆ
21 ನವೆಂಬರ್ 1998

ಶಾಂತಕುಮಾರಿಯವರಿಗೆ,

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು. ಎರಡು ದಿನ ಉತ್ತರ ಬರೆಯಲಿಲ್ಲ. ಮೂರನೇ ದಿನ ಮಿಲ್ಲಿನ ಗೋಡೆಯ ಮೇಲೆ ನಾನೇ ಹಿಂದೆ ಬರೆದ ಒಂದು ಜಾಹೀರಾತು ನೋಡಿದೆ. ಎಣ್ಣೆ ಡಬ್ಬ ಹಿಡಿದ ದಪ್ಪ ಹೆಂಗಸು, ನೋಡಿದವರು ನಗಲಿ ಎಂದು ಬರೆದದ್ದು. ನಿಮ್ಮ ಅಕ್ಕನ ಚಿತ್ರವೂ ಅದೇ. ಡಬ್ಬ ತೆಗೆದು ಕಂಬಳಿ ಹೊದಿಸಿದ್ದೆ, ಅಷ್ಟೇ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ದಪ್ಪ ಮನುಷ್ಯನನ್ನೂ ನಾನು ಕಣ್ಣಿಟ್ಟು ನೋಡಿರಲಿಲ್ಲ.

ಕರಪತ್ರಗಳನ್ನು ನಾನೇ ತಿರುಗಾಡಿ ಕಿತ್ತಿದ್ದೇನೆ. ಅವನ್ನು ಕೀಳಲೇಬೇಕಾದ ಕಾರಣಗಳು ಇನ್ನೂ ಇದ್ದವು, ಇರಲಿ.

ಬಸ್ ಸ್ಟ್ಯಾಂಡಿನ ಬಳಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುವ ಕೊಟ್ರಮ್ಮ ಎಂಬವರಿದ್ದಾರೆ. ಭಾರಿ ಆಳು, ಐವತ್ತರ ಹತ್ತಿರ ವಯಸ್ಸು. ಅವರ ಮುಂದೆ ಹೋಗಿ ನಿಂತು ವಿಷಯ ಹೇಳಿದೆ, ನಿಮ್ಮನ್ನು ನೋಡಿ ಬರೆಯಲು ಕಲಿಯಬೇಕು ಅಂದೆ. ಜಾರಾ ಸೌಟನ್ನು ಬಾಣಲೆಯಲ್ಲೇ ಬಿಟ್ಟು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಬರಿಯಪ್ಪ. ಆದ್ರೆ ಹೊಟ್ಟೆ ಬರೆದು ಎದ್ದು ಹೋಗಬ್ಯಾಡ. ಹೊಟ್ಟೆ ಹಿಂದೆ ನಾನೂ ಇದೀನಿ" ಅಂದರು.

ನಾಲ್ಕು ದಿನದಿಂದ ಅಲ್ಲೇ ಕೂತು ಬರೆಯುತ್ತಿದ್ದೇನೆ. ಮೊದಲ ಎರಡು ದಿನ ಬರೆದದ್ದನ್ನೆಲ್ಲ ಅವರ ಒಲೆಗೆ ಕೊಟ್ಟೆ. ನಾನು ತಲೆಯನ್ನೂ ಹೆಗಲನ್ನೂ ಊದಿಸಿ ಬರೆಯುತ್ತಿದ್ದೆ. ಆದರೆ ಮೈ ದಪ್ಪವಾದರೂ ಮೂಳೆ ದಪ್ಪವಾಗುವುದಿಲ್ಲ, ತಲೆಯ ಅಳತೆಯೂ ಅಷ್ಟೇ ಇರುತ್ತದೆ. ಮಾಂಸಕ್ಕೆ ತೂಕವಿದೆ, ಅದು ಕೆಳಗೆ ಇಳಿಯುತ್ತದೆ. ಮೊಣಕೈ, ಮಣಿಕಟ್ಟು, ಕತ್ತಿನ ಬುಡ, ಎಲ್ಲಿ ಮೂಳೆ ತಡೆಯುತ್ತದೋ ಅಲ್ಲಿ ಮಡಿಕೆ ಬೀಳುತ್ತದೆ. ನಿಂತಾಗ ತೋಳು ಮೈಗೆ ಅಂಟುವುದಿಲ್ಲ, ಸ್ವಲ್ಪ ದೂರ ನಿಂತು ಅಂಗೈ ಹಿಂದಕ್ಕೆ ತಿರುಗುತ್ತದೆ. ಸೀರೆಯ ಅಂಚು ಮುಂದೆ ಮೇಲೇರಿ ಹಿಂದೆ ನೆಲ ಮುಟ್ಟುತ್ತದೆ. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಕೊಟ್ರಮ್ಮ ಹೇಳುತ್ತಾರೆ: "ಕಾಲು ಅಗಲಿಸಿ ನಿಲ್ಲಿಸು ನನ್ನ. ಜೋಡಿಸಿ ನಿಲ್ಲಿಸಿದ್ರೆ ನಿನ್ನ ಹಾಳೆ ಮ್ಯಾಲೇ ಬಿದ್ದೋಗ್ತೀನಿ."

ಈಗ ನಿಮ್ಮ ಅಕ್ಕನದು ಹೇಳಿ. ಅವರು ಹೇಗೆ ನಿಲ್ಲುತ್ತಾರೆ, ಹೇಗೆ ಕೂರುತ್ತಾರೆ, ನೆಲದಿಂದ ಹೇಗೆ ಏಳುತ್ತಾರೆ? ಕೊಟ್ರಮ್ಮನ ಮೈ ಕೊಟ್ರಮ್ಮನದು. ನನಗೆ ಕರಿಯಕ್ಕನದು ಬೇಕು. ಅವರ ಒಂದು ರವಿಕೆ, ಹಳೆಯ ಚಪ್ಪಲಿ ಇದ್ದರೆ ಕಳಿಸಿ. ನೀವು ಒಪ್ಪಿದರೆ ಒಂದು ದಿನ ಕೊಂಡ್ಲಹಳ್ಳಿಗೆ ಬಂದು ಅಕ್ಕಪಕ್ಕದವರನ್ನೂ ಕೇಳಿ ಬರೆದುಕೊಳ್ಳುತ್ತೇನೆ.

ದೊಡ್ಡಪಾಲಯ್ಯ


ಕೊಂಡ್ಲಹಳ್ಳಿ
27 ನವೆಂಬರ್ 1998

ಪಾಲಯ್ಯನವರಿಗೆ ನಮಸ್ಕಾರ.

ನೀವು ಇಲ್ಲಿಗೆ ಬರುವುದು ಬೇಡ. ಅಕ್ಕಪಕ್ಕದವರನ್ನು ಕೇಳುವ ಅಗತ್ಯವೂ ಇಲ್ಲ. ನನಗೆ ಗೊತ್ತಿಲ್ಲದ್ದು ಅವರಿಗೆ ಏನು ಗೊತ್ತು? ನಾನೇ ಬರೆಯುತ್ತೇನೆ.

ನೆಲದಿಂದ ಏಳುವಾಗ ಅಕ್ಕ ಮೊದಲು ಎಡಕ್ಕೆ ವಾಲಿ ಅಂಗೈ ಊರುತ್ತಾಳೆ. ಆಮೇಲೆ ಒಂದು ಮಂಡಿ, ಆಮೇಲೆ ಗೋಡೆ. ಎದ್ದ ಮೇಲೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾಳೆ, ಏನೋ ಮರೆತವಳ ಹಾಗೆ. ನಡೆಯುವಾಗ ಪಾದ ಹೊರಗೆ ತಿರುಗಿರುತ್ತದೆ, ಚಪ್ಪಲಿಯ ಹೊರ ಅಂಚು ಸವೆದಿರುವುದನ್ನು ನೋಡಿ. ಕೂತಾಗ ಎರಡೂ ಕೈ ತೊಡೆಯ ಮೇಲೆ ಅಂಗಾತ ಇಟ್ಟುಕೊಳ್ಳುತ್ತಾಳೆ. ಕೈಯನ್ನು ಏನು ಮಾಡಬೇಕೆಂದು ಅವಳಿಗೆ ಗೊತ್ತಾಗುವುದಿಲ್ಲ, ಕೆಲಸ ಇಲ್ಲದಾಗ.

ಮುಖ ಹೇಗೆ ಹೇಳಲಿ? ಬೆಳಿಗ್ಗೆ ಏಳುವಾಗ ಕಣ್ಣಿನ ರೆಪ್ಪೆ ಊದಿಕೊಂಡಿರುತ್ತದೆ, ಮಧ್ಯಾಹ್ನವಾದರೂ ಪೂರ್ತಿ ಇಳಿಯುವುದಿಲ್ಲ. ಹುಬ್ಬು ಮೂಗಿನ ಹತ್ತಿರ ದಟ್ಟ, ಕಿವಿಯ ಕಡೆಗೆ ಹೋಗುತ್ತಾ ಇಲ್ಲವೇ ಇಲ್ಲ, ಉದುರಿಹೋಗಿದೆ. ಮೊದಲು ಹಾಗಿರಲಿಲ್ಲ. ತುಟಿ ದಪ್ಪ. ಕತ್ತಿನ ಮುಂದೆ ಸ್ವಲ್ಪ ಉಬ್ಬು. ಶ್ರಾವಣದಲ್ಲಿ ಕೈ ಊದಿಕೊಂಡು ಬಳೆ ಕತ್ತರಿಸಿ ತೆಗೆದೆವು. ಎರಡು ವರ್ಷದಿಂದ ದನಿ ಗಂಡಸರ ಹಾಗೆ ಗೊಗ್ಗರಾಗಿದೆ. ಬೇಸಿಗೆಯಲ್ಲೂ ಚಳಿ ಎನ್ನುತ್ತಾಳೆ, ಕಂಬಳಿ ಬಿಡುವುದಿಲ್ಲ. ಒಂದು ಮಾತು ಕೇಳಿದರೆ ಉತ್ತರ ಬರುವಷ್ಟರಲ್ಲಿ ಕೇಳಿದವರಿಗೆ ಮರೆತುಹೋಗಿರುತ್ತದೆ. ಊರಿನವರು ಸೋಮಾರಿ ಎನ್ನುತ್ತಾರೆ. ತಿಂದು ತಿಂದು ಹೀಗಾದಳು ಎನ್ನುತ್ತಾರೆ. ಅವಳು ನನಗಿಂತ ಕಡಿಮೆ ಉಣ್ಣುತ್ತಾಳೆ, ಪಾಲಯ್ಯನವರೇ. ಅದನ್ನು ನಾನು ಯಾರಿಗೂ ಯಾವತ್ತೂ ಎತ್ತಿ ಹೇಳಲಿಲ್ಲ.

ರವಿಕೆ, ಚಪ್ಪಲಿ ಬೇರೆ ಪಾರ್ಸೆಲ್ಲಿನಲ್ಲಿವೆ. ರವಿಕೆ ಒಗೆದಿಲ್ಲ. ಒಗೆಯಲು ಮನಸ್ಸು ಬರಲಿಲ್ಲ. ದಯವಿಟ್ಟು ಹಾಗೆಯೇ ವಾಪಸು ಕಳಿಸಿ.

ಶಾಂತಕುಮಾರಿ


ಚಳ್ಳಕೆರೆ
5 ಡಿಸೆಂಬರ್ 1998

ಶಾಂತಕುಮಾರಿಯವರಿಗೆ,

ಪಾರ್ಸೆಲ್ ಬಂತು. ನಾನು ಬರುವುದು ಬೇಡ ಎಂದಿರಿ. ಹೆಣ್ಣುಮಗಳು ಒಬ್ಬಳೇ ಇರುವ ಮನೆ, ಪರಗಂಡಸು ಬಂದರೆ ಊರು ನಾಲ್ಕು ಮಾತಾಡುತ್ತದೆ. ಅದು ನನಗೆ ಹೊಳೆಯಬೇಕಿತ್ತು, ತಪ್ಪು ತಿಳಿಯಬೇಡಿ.

ಒಂದು ಸಂಗತಿ ನನಗೆ ಬಗೆಹರಿಯುತ್ತಿಲ್ಲ. ರವಿಕೆಯ ಅಳತೆ ನೋಡಿದರೆ ನಿಮ್ಮ ಅಕ್ಕ ಕೊಟ್ರಮ್ಮನಿಗಿಂತ ಸಣ್ಣ ಆಳು. ಆದರೆ ನೀವು ಹೇಳುವ ಮುಖ ಕೊಟ್ರಮ್ಮನದಕ್ಕಿಂತ ಭಾರ. ಕೊಟ್ರಮ್ಮನ ಕೆನ್ನೆ ದಪ್ಪವಿದೆ, ಕಣ್ಣು ಮಾತ್ರ ನಿಚ್ಚಳ, ರೆಪ್ಪೆ ತೆಳು, ಹುಬ್ಬು ತುದಿಯವರೆಗೂ ಇದೆ. ಬೆರಳು ಚುರುಕು, ಬಿಸಿ ಎಣ್ಣೆಯಿಂದ ಮೆಣಸಿನಕಾಯಿಯನ್ನು ಕೈಯಲ್ಲೇ ಎತ್ತಿಬಿಡುತ್ತಾರೆ. ಅವರ ಮುಖ ಇಟ್ಟುಕೊಂಡು ನಿಮ್ಮ ಅಕ್ಕನದನ್ನು ಬರೆಯಲು ಹೋದರೆ ಸುಳ್ಳಾಗುತ್ತದೆ. ಕೊಟ್ರಮ್ಮನಿಗೆ ನಿಮ್ಮ ಕಾಗದ ಓದಿ ಹೇಳಿದೆ. "ಅದು ದಪ್ಪ ಅಲ್ಲಪ್ಪ, ಬಾವು. ನನ್ನ ಮೈ ನನ್ನ ಮಾತು ಕೇಳ್ತೈತೆ. ಆ ಹುಡುಗಿ ಮೈ ಕೇಳ್ತಿಲ್ಲ" ಅಂದರು.

ಆದ್ದರಿಂದ ನಿಲುವನ್ನು ಕೊಟ್ರಮ್ಮನಿಂದ ತೆಗೆದುಕೊಂಡು, ಮುಖವನ್ನು ನಿಮ್ಮ ಮಾತಿನಿಂದಲೇ ಕಟ್ಟಿದ್ದೇನೆ. ಮೂರು ಚಿತ್ರ ಕಳಿಸುತ್ತಿದ್ದೇನೆ. ಎಲ್ಲಿ ತಪ್ಪಿದೆಯೋ ಅಲ್ಲಿ ಪೆನ್ಸಿಲ್ಲಿನಿಂದ ಗೀಚಿ. ಮುಲಾಜು ಬೇಡ.

ದೊಡ್ಡಪಾಲಯ್ಯ


ಕೊಂಡ್ಲಹಳ್ಳಿ
9 ಡಿಸೆಂಬರ್ 1998

ಪಾಲಯ್ಯನವರಿಗೆ,

ಮೂರನೆಯದನ್ನು ಅಪ್ಪನ ಮುಂದೆ ಹಿಡಿದೆ. ಅವನು ಬಹಳ ಹೊತ್ತು ನೋಡಿದ. ಆಮೇಲೆ ಆಡುವ ಒಂದೇ ಕೈಯನ್ನು ಹಾಳೆಯ ಮೇಲಿಟ್ಟು, "ಕರಿಯವ್ವಾ, ಎಲ್ಲಿಗೆ ಹೋಗಿದ್ದೆ ಮಗಾ?" ಅಂದ.

ಒಂದೇ ತಪ್ಪಿದೆ. ಅವಳು ಹೀಗೆ ನೇರ ನೋಡುವುದಿಲ್ಲ. ಎದುರಿಗೆ ಯಾರಾದರೂ ಇದ್ದರೆ ಗಲ್ಲ ತಗ್ಗಿಸಿ, ಮುಖ ಬಲಕ್ಕೆ ಒಂದಿಷ್ಟು ಹೊರಳಿಸಿ ನಿಲ್ಲುತ್ತಾಳೆ. ದಾರಿ ಬಿಡುವವರ ಹಾಗೆ. ಅಷ್ಟು ತಿದ್ದಿ ಹಾಕಿಸಿಬಿಡಿ. ಮತ್ತೆ ನನಗೆ ಕಳಿಸಿ ಕಾಯಬೇಡಿ. ಇಲ್ಲಿ ಬೆಳಿಗ್ಗೆ ಮಂಜು ಬೀಳುತ್ತಿದೆ. ಅವಳ ಹತ್ತಿರ ಇರುವುದು ಒಂದೇ ಕಂಬಳಿ.

ಪೊಲೀಸರು ಹೋದ ವಾರ ಒಂದು ಹೆಣ ಗುರುತಿಸಲು ಕರೆಸಿದ್ದರು. ಅವಳಲ್ಲ. ಬಟ್ಟೆ ಸರಿಸಿದಾಗ ಅಯ್ಯೋ ಪಾಪ ಅನ್ನಿಸಲಿಲ್ಲ ನನಗೆ. ತೆಳ್ಳಗಿದ್ದಾಳಲ್ಲ ಎಂದು ಕೈ ಮುಗಿದೆ. ನಾನು ಇಂಥವಳಾಗಿದ್ದೇನೆ.

ಶಾಂತಕುಮಾರಿ


ಚಳ್ಳಕೆರೆ
15 ಡಿಸೆಂಬರ್ 1998

ಶಾಂತಕುಮಾರಿಯವರಿಗೆ,

ಈ ಕಾಗದವನ್ನು ಓದಿದ ಕೂಡಲೇ ಹೊರಡಿ. ಮೊದಲು ಹೊರಡಲು ಬೇಕಾದದ್ದನ್ನು ಬರೆಯುತ್ತೇನೆ.

ಹೊಸ ಕರಪತ್ರವನ್ನು ಮೊನ್ನೆ ಇಲ್ಲಿಯ ಆಸ್ಪತ್ರೆಯ ಗೋಡೆಗೆ ಅಂಟಿಸುತ್ತಿದ್ದೆ. ಒಬ್ಬ ಡಾಕ್ಟರಮ್ಮ ನಡೆದು ಹೋಗುತ್ತಿದ್ದವರು ನಿಂತರು. "ಇವರನ್ನು ನೋಡಿ ಬರೆದಿರಾ?" ಎಂದು ಕೇಳಿದರು. ಇಲ್ಲ, ತಂಗಿ ಹೇಳಿದ್ದನ್ನು ಕೇಳಿ ಬರೆದೆ ಅಂದೆ. "ಹುಬ್ಬಿನ ತುದಿ ಇಲ್ಲ ಅಂತ ತಂಗಿಯೇ ಹೇಳಿದರಾ? ರೆಪ್ಪೆಯ ಊತವೂ? ಚಳಿ ತಡೆಯುತ್ತಿರಲಿಲ್ಲವಾ? ದನಿ ಒಡೆದಿತ್ತಾ?" ಎಲ್ಲಕ್ಕೂ ಹೌದು ಅಂದೆ. ಕತ್ತಿನಲ್ಲಿ ಥೈರಾಯ್ಡ್ ಎಂಬ ಗ್ರಂಥಿ ಇದೆಯಂತೆ, ಅದು ಕೆಲಸ ನಿಲ್ಲಿಸಿದರೆ ಮನುಷ್ಯರು ಹೀಗೆ ಊದಿಕೊಳ್ಳುತ್ತಾರಂತೆ, ಮಂಕಾಗುತ್ತಾರಂತೆ, ನೆನಪು ಕೈಕೊಡುತ್ತದಂತೆ. ರಕ್ತ ಪರೀಕ್ಷೆ ಮಾಡದೆ ಖಚಿತ ಹೇಳಲಾರೆ, ಆದರೆ ಇದು ಅದೇ ಇರಬೇಕು ಅಂದರು. ದಿನಕ್ಕೊಂದು ಮಾತ್ರೆಯಲ್ಲಿ ಸುಧಾರಿಸುವ ಕಾಯಿಲೆ. ಮಾತ್ರೆ ಇಲ್ಲದೆ ಚಳಿಗೆ ಸಿಕ್ಕರೆ ಎಚ್ಚರ ತಪ್ಪಿ ಜೀವಕ್ಕೇ ಬರುತ್ತದೆಯಂತೆ. "ಬೇಗ ಹುಡುಕಿ" ಎಂದು ಎರಡು ಸಲ ಹೇಳಿದರು.

ಎರಡನೆಯದು. ನಿಮ್ಮ ಅಕ್ಕ ಆ ಭಾನುವಾರ ಕೊಂಡ್ಲಹಳ್ಳಿ ಗೇಟಿನಲ್ಲಿ ಕಲ್ಯಾಣದುರ್ಗದ ಖಾಸಗಿ ಬಸ್ಸು ಹತ್ತಿದ್ದಾರೆ. ಕಂಡಕ್ಟರ್ ತಿಪ್ಪಯ್ಯ ಚಿತ್ರ ನೋಡಿದ ತಕ್ಷಣ ಹೇಳಿದ: "ಇವಳೇ ಕಣ್ರೀ! ಬಸ್ಸು ಎಲ್ಲೀತಂಕ ಹೋಗ್ತೈತೋ ಅಲ್ಲೀತಂಕ ಕೊಡಪ್ಪ ಅಂದ್ಲು. ಹಿಂಗೇ ಮಕ ತಿರುಗಿಸ್ಕೊಂಡು ಕೂತಿದ್ಲು." ರಾಯದುರ್ಗ ದಾಟಿ ಕಲ್ಯಾಣದುರ್ಗದಲ್ಲಿ ಇಳಿದರಂತೆ. ತೆಲುಗಿನಲ್ಲೂ ಕರಪತ್ರ ಹಾಕಿಸಿದ್ದೇನೆ, ಐವತ್ತು ಇದರ ಜೊತೆಗಿವೆ.

ಮೂರನೆಯದು ನನ್ನ ತಪ್ಪು. ಇದೇ ತಿಪ್ಪಯ್ಯ ನವೆಂಬರ್ ಹನ್ನೆರಡರಂದೇ ಪ್ರೆಸ್ಸಿಗೆ ಬಂದಿದ್ದ. ದಪ್ಪ ಹೆಂಗಸೊಬ್ಬಳು ನಮ್ಮ ಬಸ್ಸಿಗೆ ಹತ್ತಿದ್ದಳು ಅಂದ. ಬಾಗಿಲಿಗೆ ಅಂಟಿಸಿದ್ದ ನನ್ನ ಮೊದಲ ಚಿತ್ರವನ್ನು ನೋಡಿ, "ಇವಳಲ್ಲ ಬಿಡ್ರಿ" ಎಂದು ಹೊರಟುಹೋದ. ನಾನು ಅಲ್ಲೇ ಕೂತಿದ್ದೆ. ಅವನ ಹೆಸರು ಕೇಳಲಿಲ್ಲ, ಯಾವ ಬಸ್ಸು ಎಂದು ಕೇಳಲಿಲ್ಲ. ನನ್ನ ಚಿತ್ರ ಸರಿಯಿದೆ, ಅವನು ಕಂಡವಳೇ ಬೇರೆ ಎಂದುಕೊಂಡೆ. ಮಾರನೆಯ ದಿನ ಬರೆದ ನಿಮ್ಮ ಕಾಗದ ಬಂದು, ಸಿಟ್ಟು ಇಳಿದ ಮೇಲೆ ಅವನ ಮಾತು ನೆನಪಾಯಿತು. ಕೊಟ್ರಮ್ಮನ ಬಳಿ ಅಷ್ಟು ದಿನ ಕೂತದ್ದು ಕಲಿಯಲು ಮಾತ್ರವಲ್ಲ. ಬಂದುಹೋಗುವ ಪ್ರತಿ ಬಸ್ಸಿನಲ್ಲಿ ಅವನ ಮುಖ ಹುಡುಕುತ್ತಿದ್ದೆ. ಅವನು ಬೇರೆ ರೂಟಿಗೆ ಹೋಗಿದ್ದನಂತೆ, ನಿನ್ನೆ ಸಿಕ್ಕ. ಒಂದು ತಿಂಗಳು ಹೋಯಿತು. ಅದನ್ನು ನಿಮಗೆ ಹೇಳುವ ಧೈರ್ಯ ನನಗೆ ಇವತ್ತಿನವರೆಗೆ ಬರಲಿಲ್ಲ.

ದೊಡ್ಡಪಾಲಯ್ಯ


ಕೊಂಡ್ಲಹಳ್ಳಿ
17 ಡಿಸೆಂಬರ್ 1998

ಪಾಲಯ್ಯನವರಿಗೆ,

ಅಪ್ಪನನ್ನು ಚಿಕ್ಕಕ್ಕನಿಗೆ ಒಪ್ಪಿಸಿ ಹನ್ನೊಂದರ ಬಸ್ಸಿಗೆ ಹೊರಟಿದ್ದೇನೆ. ಗೇಟಿನಲ್ಲಿ ನಿಂತು ಬರೆಯುತ್ತಿದ್ದೇನೆ.

ಮೂವತ್ಮೂರು ದಿನ ಮುಚ್ಚಿಟ್ಟಿರಿ. ನಿಮ್ಮನ್ನು ಬೈಯಬೇಕೆಂದೇ ಪೆನ್ನು ಹಿಡಿದೆ. ಬೈಯುವ ಬಾಯಿ ನನಗಿಲ್ಲ. ಯಾಕೆಂದು ಕೇಳಬೇಡಿ.

ಬಸ್ಸು ಬಂತು.

ಶಾಂತ


ಚಳ್ಳಕೆರೆ
29 ಡಿಸೆಂಬರ್ 1998

ಶಾಂತಕುಮಾರಿಯವರಿಗೆ,

ಹನ್ನೆರಡು ದಿನವಾಯಿತು, ನಿಮ್ಮಿಂದ ಒಂದು ಅಕ್ಷರವಿಲ್ಲ. ಇಪ್ಪತ್ತೆರಡರಂದು ಕಲ್ಯಾಣದುರ್ಗಕ್ಕೆ ಹೋಗಿದ್ದೆ. ಗೋಡೆಗಳ ಮೇಲೆ ನೀವು ಅಂಟಿಸಿದ ಕರಪತ್ರಗಳು ಇದ್ದವು, ನೀವು ಇರಲಿಲ್ಲ. ಚಿತ್ರದ ಹೆಂಗಸನ್ನು ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದರು ಎಂದು ಯಾರೋ ಅಂದರು, ಯಾವ ಆಸ್ಪತ್ರೆ ಎಂದು ಹೇಳಲಿಲ್ಲ. ಸಾಗಿಸಿದ್ದು ಬದುಕಿದ್ದವರನ್ನೋ ಎಂದು ಕೇಳದೆ ವಾಪಸು ಬಸ್ಸು ಹತ್ತಿದೆ.

ನೀವು ಬೇಡ ಎಂದಿದ್ದರೂ ಮೊನ್ನೆ ಕೊಂಡ್ಲಹಳ್ಳಿಗೆ ಹೋದೆ. ನಿಮ್ಮ ತಂದೆಗೆ ಗಂಜಿ ಕುಡಿಸಿದೆ. ಆರಾಮಾಗಿದ್ದಾರೆ. ಮಕ್ಕಳಿಬ್ಬರೂ ಎಲ್ಲಿ ಎಂದು ಕೇಳಿದರು, ಬರುತ್ತಾರೆ ಅಂದೆ. ಚಿಕ್ಕಕ್ಕ ಹೊರಗೆ ಕರೆದು ಒಂದು ಮಾತು ಹೇಳಿದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಕೇಳಿಯೇ ಇಲ್ಲ ಎಂದುಕೊಳ್ಳಿ.

ಏನೇ ಆಗಿದ್ದರೂ ಒಂದು ಸಾಲು ಬರೆಯಿರಿ. ಈ ಕಾಗದವನ್ನು ನಿಮ್ಮ ಮನೆಗೇ ಹಾಕುತ್ತಿದ್ದೇನೆ. ಕುಂಚ ಹಿಡಿಯಲು ಆಗುತ್ತಿಲ್ಲ. ಕೊಟ್ರಮ್ಮ ದಿನಾ ಕೇಳುತ್ತಿದ್ದರು, "ಆ ಹುಡುಗಿ ಸಿಕ್ಕಳೇನಪ್ಪ?" ಈಗ ನಾನು ಆ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಮನೆಗೆ ಹೋಗುತ್ತೇನೆ.

ದೊಡ್ಡಪಾಲಯ್ಯ


ಬಳ್ಳಾರಿ
11 ಜನವರಿ 1999

ಪಾಲಯ್ಯ ಅಣ್ಣನವರಿಗೆ,

ಅಕ್ಕ ಬದುಕಿದ್ದಾಳೆ. ಮೊದಲು ಇದನ್ನು ಓದಿಕೊಳ್ಳಿ, ಕೊಟ್ರಮ್ಮನವರಿಗೂ ಹೇಳಿ. ಇಷ್ಟು ದಿನ ಬರೆಯದ್ದಕ್ಕೆ ಕಾರಣ, ಬದುಕಿದ್ದಾಳೆ ಎಂದು ಬರೆದು ಕಾಗದ ನಿಮಗೆ ತಲುಪುವಷ್ಟರಲ್ಲಿ ಆ ಮಾತು ಸುಳ್ಳಾದರೆ ಎಂಬ ಹೆದರಿಕೆ. ಹೋದ ವಾರ ಊರಿಗೆ ಹೇಳಿಕಳಿಸಿದೆ, ಚಿಕ್ಕಕ್ಕ ನಿಮ್ಮ ಕಾಗದವನ್ನು ಇಲ್ಲಿಗೆ ತಂದುಕೊಟ್ಟಳು.

ಕಲ್ಯಾಣದುರ್ಗದಲ್ಲಿ ಮೂರು ದಿನ ಅಲೆದೆ. ಚಿತ್ರ ತೋರಿಸಿದವರೆಲ್ಲ ತೆಲುಗಿನಲ್ಲಿ ತೆಲೀದಮ್ಮ, ಗೊತ್ತಿಲ್ಲಮ್ಮ ಎನ್ನುತ್ತಿದ್ದರು. ನಾಲ್ಕನೇ ದಿನ ಬಸ್ ಸ್ಟ್ಯಾಂಡಿನ ಹಿಂದಿನ ಸತ್ರದಲ್ಲಿ ಕಸ ಗುಡಿಸುವ ನಿಂಗಕ್ಕ ಎಂಬಾಕೆ ಹಾಳೆಯನ್ನು ಕೈಗೆ ತೆಗೆದುಕೊಂಡಳು. ಹೆಸರು ಓದಲು ಬರುವುದಿಲ್ಲ ಅವಳಿಗೆ. ಗಲ್ಲ ತಗ್ಗಿಸಿ ತಿರುಗಿದ ಆ ಮುಖ ನೋಡಿ, "ಈಮೆ ಮಾ ದಗ್ಗರೇ ಉಂದಿ ಗದಾ" ಅಂದಳು. ಇವಳು ನಮ್ಮ ಹತ್ತಿರವೇ ಇದ್ದಾಳಲ್ಲ ಎಂದು.

ಸತ್ರದ ಹಿಂದಿನ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕೈ ಎರಡೂ ತೊಡೆಯ ಮೇಲೆ ಅಂಗಾತ. ಮೈ ಮುಟ್ಟಿದರೆ ಕಲ್ಲಿನ ಹಾಗೆ ತಣ್ಣಗೆ. ನನ್ನನ್ನು ನೋಡಿದಳು, ಗುರುತಿಸಲಿಲ್ಲ. ಆ ಸಂಜೆಯೇ ಎಚ್ಚರ ತಪ್ಪಿತು. ಬಳ್ಳಾರಿಗೆ ತಂದೆವು. ನಿಮ್ಮ ಡಾಕ್ಟರಮ್ಮ ಹೇಳಿದ್ದನ್ನು ನಿಮ್ಮ ಕಾಗದದಿಂದಲೇ ಇಲ್ಲಿಯವರಿಗೆ ಓದಿ ಹೇಳಿದೆ. ರಕ್ತ ಪರೀಕ್ಷೆಯಲ್ಲೂ ಅದೇ ಬಂತು. ಆರು ದಿನ ಏನೂ ಹೇಳಲಾರೆವು ಅಂದರು.

ಅಣ್ಣಾ, ಚಿಕ್ಕಕ್ಕ ನಿಮಗೆ ಹೇಳಿದ್ದು ನಿಜ. ನೀವು ಕೇಳಿಯೇ ಇಲ್ಲ ಎಂದುಕೊಳ್ಳಬೇಡಿ, ನನ್ನ ಬಾಯಿಂದ ಕೇಳಿ. ಆ ಭಾನುವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹಿಂದಿನ ಎರಡು ಸಂಬಂಧ ಅಕ್ಕನನ್ನು ನೋಡಿಯೇ ತಪ್ಪಿದ್ದವು. ಇದು ಮನೆತನದ ಮೈ, ನಾಳೆ ತಂಗಿಯೂ ಹೀಗೇ ಆಗುತ್ತಾಳೆ ಎಂದು ಆಡಿಕೊಂಡಿದ್ದರು. ಬೆಳಿಗ್ಗೆ ಅವಳು ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದಳು. ನಾನು ಕನ್ನಡಿ ನೋಡುತ್ತಾ ಅಂದೆ: "ಅಕ್ಕ, ಬೀಗರು ಬಂದು ಹೋಗೋ ತಂಕ ನೀನು ಎಲ್ಲಾದ್ರೂ ದೂರ ಇರು. ಅವರ ಕಣ್ಣಿಗೆ ಬೀಳಬ್ಯಾಡ." ಬಾಗಿಲಲ್ಲಿ ಚಿಕ್ಕಕ್ಕ ನಿಂತಿದ್ದಳು. ಅಕ್ಕ ಜಡೆ ಮುಗಿಸಿದಳು, ಹೂವು ಮುಡಿಸಿದಳು, ಕಂಬಳಿ ತಗೊಂಡು ಹೋದಳು. ಅವರು ಬಂದರು, ಒಪ್ಪಿದರು. ನಾನು ಆಮೇಲೆ ಬೇಡ ಎಂದು ಹೇಳಿಕಳಿಸಿದೆ. ನೀವು ನಮ್ಮ ಊರಿಗೆ ಬಂದರೆ ಯಾರಾದರೂ ಇದನ್ನು ಹೇಳಿಬಿಡುತ್ತಾರೆಂದೇ ನಿಮ್ಮನ್ನು ತಡೆದದ್ದು. ಪರಗಂಡಸು ಎಂದಲ್ಲ.

ಅವಳು ಸಿಟ್ಟಿನಿಂದ, ಅವಮಾನದಿಂದ ಹೋದಳು ಎಂದೇ ಎರಡು ತಿಂಗಳು ನಾನು ಸಾಯುತ್ತಾ ಇದ್ದೆ. ನಿಂಗಕ್ಕ ಹೇಳಿದ್ದು ಕೇಳಿದ ಮೇಲೆ ಅದಾದರೂ ನಿಜವಾಗಿರಬಾರದಿತ್ತೇ ಅನ್ನಿಸಿತು. ನಿಂಗಕ್ಕ ದಿನಾ ಒಂದು ಮುದ್ದೆ ಹಾಕಿ ಕೇಳುತ್ತಿದ್ದಳಂತೆ, ನಿನ್ನ ಊರು ಯಾವುದು, ಯಾಕೆ ಹೋಗಲ್ಲ ಎಂದು. ಊರಿನ ಹೆಸರು ಒಂದು ದಿನ ನೆನಪಿದ್ದರೆ ಒಂದು ದಿನ ಇರುತ್ತಿರಲಿಲ್ಲವಂತೆ. ಆದರೆ ಪ್ರತಿ ದಿನ ಒಂದು ಮಾತು ತಪ್ಪದೆ ಹೇಳುತ್ತಿದ್ದಳಂತೆ: "ಈಗ ಹೋಗಂಗಿಲ್ಲ. ಬೀಗರು ಬಂದವ್ರೆ."

ಮೊನ್ನೆ ಬೆಳಿಗ್ಗೆ ಕಣ್ಣಿನ ರೆಪ್ಪೆ ಸ್ವಲ್ಪ ಇಳಿದಿತ್ತು. ನಾನು ಗಂಜಿ ತಣಿಸುತ್ತಾ ಕೂತಿದ್ದೆ. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ಶಾಂತಿ" ಅಂದಳು. ನಾನು ಗಂಜಿ ಕೆಳಗಿಟ್ಟು ಹತ್ತಿರ ಸರಿದೆ. ಅವಳು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಕೇಳಿದಳು.

"ಹೋದ್ರಾ?"

"ಹೋದ್ರಕ್ಕ. ಎಲ್ಲಾರೂ ಹೋದ್ರು."

ಅಕ್ಕ ಎಡಕ್ಕೆ ವಾಲಿ ಮಂಚಕ್ಕೆ ಅಂಗೈ ಊರಿದಳು. "ಹಂಗಾದ್ರೆ ನಡಿ ಮತ್ತೆ" ಎಂದು ಕಾಲು ಕೆಳಗಿಟ್ಟಳು.

ನಿಮ್ಮ ತಂಗಿ,
ಶಾಂತಕುಮಾರಿ